ಗಾಲಿಬಿಯೇ ಘಾಟಿ: ಏರಿಗಷ್ಟೇ ಅಲ್ಲ, ಇಳಿಜಾರಿಗೂ ಬೇಕು ಸಿದ್ಧತೆ

ಫ್ರಾನ್ಸ್‌ನ ಆಗ್ನೇಯ ಭಾಗದಲ್ಲಿ, ಆಲ್ಪ್ಸ್ ಪರ್ವತಶ್ರೇಣಿಯ ನಡುವೆ ಇರುವ ಗಾಲಿಬಿಯೇ ಘಾಟಿಯು ಸೈಕ್ಲಿಂಗ್ ಪ್ರಿಯರ ಪಾಲಿಗೆ ಯಾತ್ರಾಸ್ಥಳವಿದ್ದಂತೆ. ಸಮುದ್ರಮಟ್ಟದಿಂದ 2,642 ಮೀಟರ್ ಎತ್ತರದಲ್ಲಿರುವ ಈ ರಸ್ತೆ ಚಳಿಗಾಲವಿಡೀ ಹಿಮದಡಿ ಮುಚ್ಚಿರುತ್ತದೆ. ಸಾಮಾನ್ಯವಾಗಿ ಮೇ ಅಂತ್ಯ ಅಥವಾ ಜೂನ್‌ನಲ್ಲಿ ಸಂಚಾರಕ್ಕೆ ತೆರೆದುಕೊಳ್ಳುತ್ತದೆ.

ಏರುದಾರಿ

ಉತ್ತರ ದಿಕ್ಕಿನ ದಾರಿಯೇ ಹೆಚ್ಚು ಪ್ರಸಿದ್ಧ. ಸುಮಾರು 710 ಮೀಟರ್ ಎತ್ತರದಲ್ಲಿರುವ ಸೇಂಟ್ ಮಿಷೆಲ್ ದ ಮೋರಿಯೆನ್ ಪಟ್ಟಣದಿಂದ ಹೊರಟವರು ಮೊದಲು 1,566 ಮೀಟರ್ ಎತ್ತರದ ಟೆಲಿಗ್ರಾಫ್ ಘಾಟಿಯನ್ನು ಏರಬೇಕು. ಅಲ್ಲಿಂದ ವಲುವಾರ್ ಊರಿಗೆ ಸುಮಾರು 5 ಕಿ.ಮೀ. ಇಳಿಜಾರು. ಅನಂತರ ಸುಮಾರು 18 ಕಿ.ಮೀ. ಮತ್ತೆ ಏರು. ಪ್ಲಾನ್ ಲಾಶಾ ಎಂಬಲ್ಲಿ ರಸ್ತೆ ತಿರುವು ಪಡೆದು ಇನ್ನಷ್ಟು ಕಡಿದಾಗುತ್ತದೆ. ಶಿಖರದ ಬಳಿ ವಾಯುಭಾರವು ಸಮುದ್ರಮಟ್ಟದ ಸುಮಾರು ಮುಕ್ಕಾಲು ಭಾಗವಷ್ಟೇ ಇರುವುದರಿಂದ ಪ್ರತಿ ಉಸಿರಿಗೂ ದೊರೆಯುವ ಆಮ್ಲಜನಕ ಕಡಿಮೆ.

ಇತಿಹಾಸ

ಟೂರ್ ಡಿ ಫ್ರಾನ್ಸ್ ಸ್ಪರ್ಧೆಯು ಈ ಘಾಟಿಯನ್ನು ಮೊದಲು ದಾಟಿದ್ದು 1911ರಲ್ಲಿ. ಅಂದು ಮೊದಲಿಗರಾಗಿ ಮೇಲೇರಿದವರು ಎಮಿಲ್ ಜಾರ್ಜೆ. ಗೇರ್ ಬದಲಿಸುವ ಡಿರೇಲರ್ ಸಾಧನಕ್ಕೆ ಈ ಸ್ಪರ್ಧೆಯಲ್ಲಿ ಅನುಮತಿ ದೊರೆತದ್ದು 1937ರಲ್ಲಿ ಎಂಬುದನ್ನು ನೆನೆದರೆ ಆ ಸಾಹಸದ ಅರಿವಾದೀತು. ಆಗ ರಸ್ತೆಯು 1891ರಲ್ಲಿ ನಿರ್ಮಾಣವಾದ, 2,556 ಮೀಟರ್ ಎತ್ತರದ ಸುರಂಗದ ಮೂಲಕ ಸಾಗುತ್ತಿತ್ತು. 1976ರಲ್ಲಿ ಸುರಂಗ ಮುಚ್ಚಿದ ಬಳಿಕ ರಸ್ತೆಯನ್ನು ಘಾಟಿಯ ನೆತ್ತಿಯವರೆಗೆ ಒಯ್ಯಲಾಯಿತು. 2002ರಲ್ಲಿ ಸುರಂಗ ಮತ್ತೆ ತೆರೆಯಿತು. ಅದರ ದಕ್ಷಿಣ ದ್ವಾರದ ಸಮೀಪ ಸ್ಪರ್ಧೆಯ ಸ್ಥಾಪಕ ಹೆನ್ರಿ ದೆಗ್ರಾಂಜ್ ಅವರ ಸ್ಮಾರಕವಿದೆ. ಮೊದಲ ಆರೋಹಣದ ಶತಮಾನದ ವರ್ಷವಾದ 2011ರಲ್ಲಿ ಶಿಖರದಲ್ಲೇ ಮುಕ್ತಾಯಗೊಂಡ ಹಂತವನ್ನು ಲಕ್ಸೆಂಬರ್ಗ್‌ನ ಆಂಡಿ ಶ್ಲೆಕ್ ಗೆದ್ದರು.

ಇಳಿಜಾರಿನ ಅಪಾಯ

ಗಾಲಿಬಿಯೇ ಒಂದು ಜೀವವನ್ನೂ ಬಲಿ ಪಡೆದಿದೆ. 1935ರ ಜುಲೈನಲ್ಲಿ ಸ್ಪೇನ್‌ನ ಫ್ರಾನ್ಸಿಸ್ಕೊ ಸೆಪೆಡಾ ಇಲ್ಲಿನ ಇಳಿಜಾರಿನಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟು ತಿಂದರು. ಕೆಲವೇ ದಿನಗಳಲ್ಲಿ ಗ್ರೆನೋಬ್ಲ್‌ನಲ್ಲಿ ಕೊನೆಯುಸಿರೆಳೆದರು. ಟೂರ್‌ನಲ್ಲಿ ಸ್ಪರ್ಧೆಯ ವೇಳೆ ನಡೆದ ಅಪಘಾತದಿಂದ ಮೃತಪಟ್ಟ ಮೊದಲ ಸವಾರ ಅವರು.

ಚಳಿಯೂ ಅಷ್ಟೇ ಅಪಾಯಕಾರಿ. ಪ್ರತಿ ಸಾವಿರ ಮೀಟರಿಗೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಅಂದರೆ ತಪ್ಪಲಿಗೂ ಶಿಖರಕ್ಕೂ 12 ಡಿಗ್ರಿಯಷ್ಟು ಅಂತರ. ಏರುವಾಗ ಬೆವರಿನಿಂದ ತೊಯ್ದ ದೇಹವು ಇಳಿಯುವಾಗ ಶ್ರಮವಿಲ್ಲದೆ, ಗಾಳಿಯ ಹೊಡೆತಕ್ಕೆ ಬೇಗನೆ ತಣ್ಣಗಾಗುತ್ತದೆ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದೂ ಕಷ್ಟ.

1998ರ ಜುಲೈ 27ರಂದು ಸುರಿಮಳೆಯಲ್ಲಿ ಇಟಲಿಯ ಮಾರ್ಕೊ ಪಂಟಾನಿ ಇಲ್ಲಿ ಎಲ್ಲರನ್ನೂ ಹಿಂದಿಕ್ಕಿದರು. ಒಂದೊಂದು ಸೆಕೆಂಡೂ ಅಮೂಲ್ಯವಾಗಿದ್ದ ಹೊತ್ತಿನಲ್ಲೂ ಮಳೆಯಂಗಿ ತೊಡಲು ನಿಂತರು. ಅಂದಿನ ಹಂತದಲ್ಲಿ ಜರ್ಮನಿಯ ಯಾನ್ ಉಲ್ರಿಚ್ ಸುಮಾರು 9 ನಿಮಿಷ ಹಿಂದುಳಿದು, ಹಳದಿ ಅಂಗಿ ಪಂಟಾನಿಯ ಪಾಲಾಯಿತು.

ಹವ್ಯಾಸಿಗಳೂ ಇದನ್ನು ಗಮನಿಸಬೇಕು. ಗಾಳಿ ತಡೆಯುವ ಅಂಗಿ, ಪೂರ್ಣ ಕೈಗವಸು ಜತೆಗಿರಲಿ. ಶಿಖರ ತಲುಪಿದೊಡನೆ, ಚಳಿ ಹಿಡಿಯುವ ಮುನ್ನವೇ ಅವನ್ನು ಧರಿಸುವುದು ಒಳಿತು. ಬ್ರೇಕನ್ನು ಸತತವಾಗಿ ಒತ್ತಿ ಹಿಡಿಯದೆ, ತಿರುವಿಗೆ ಮುನ್ನ ವೇಗ ತಗ್ಗಿಸಬೇಕು. ಘಾಟಿ ಏರಿದ ಸಂಭ್ರಮ ಪೂರ್ಣವಾಗುವುದು ಸುರಕ್ಷಿತವಾಗಿ ಕೆಳಗಿಳಿದಾಗಲೇ.