ರಜಃಪೂರ್ವ ವೇದನೆ ಮತ್ತು ವೈದ್ಯಗ್ರಂಥಗಳ ಕಾಲನಿರ್ದೇಶ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಸೀಮೆಯಲ್ಲಿ ಹಬ್ಬಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಪ್ರದೇಶವು ಜೈನ ಶ್ರಾವಕರ ಪ್ರಾಚೀನ ನೆಲೆ. ಸ್ತವನಿಧಿ ಕ್ಷೇತ್ರವೂ ಆಚಾರ್ಯ ಶಾಂತಿಸಾಗರರ ಭೋಜ ಗ್ರಾಮವೂ ಇಲ್ಲಿಯವೇ. ಇಂತಹ ಸೀಮೆಯ ವೈದ್ಯಕಟ್ಟುಗಳನ್ನು ಓದುವವರಿಗೆ ಸ್ತ್ರೀರೋಗದ ಭಾಗದಲ್ಲಿ ಒಂದು ತೊಡಕು ಎದುರಾಗುತ್ತದೆ. ಮುಟ್ಟಿಗೆ ಮೊದಲ ಕೆಲವು ದಿನಗಳಲ್ಲಿ ಬರುವ ಒಡಲುಬ್ಬರ, ಸ್ತನಭಾರ, ತಲೆನೋವು, ಸಿಡುಕು, ಮನೋವ್ಯಾಕುಲಗಳಿಗೆ ಪ್ರಾಚೀನರಲ್ಲಿ ಒಂದೇ ಹೆಸರಿಲ್ಲ. ಪಾಶ್ಚಾತ್ಯ ವೈದ್ಯದಲ್ಲಿಯೂ ಇದಕ್ಕೆ ಹೆಸರು ಬಂದುದು ಈಚೆಗೆ. 1931ರಲ್ಲಿ ಫ್ರಾಂಕ್ ಎಂಬವರು ಇದನ್ನು ರಜಃಪೂರ್ವ ಉದ್ವೇಗವೆಂದರು. 1953ರಲ್ಲಿ ಗ್ರೀನ್ ಮತ್ತು ಡಾಲ್ಟನ್ ಇದನ್ನು ಲಕ್ಷಣಸಮೂಹವೆಂದು ಕರೆದರು.

ಚರಕನು ಹೇಳುವ ಇಪ್ಪತ್ತು ಯೋನಿವ್ಯಾಪತ್ತುಗಳಲ್ಲಿ ಉದಾವರ್ತಿನಿ ಎಂಬುದುಂಟು. ವಾಯುವು ಮೇಲ್ಮುಖವಾಗಿ ರಜಸ್ಸನ್ನು ತಡೆಯುತ್ತದೆ. ಸ್ರಾವವಾದೊಡನೆ ನೋವು ಇಳಿಯುತ್ತದೆ. ಇದನ್ನೇ ರಜಃಪೂರ್ವ ವ್ಯಾಧಿಯೆಂದು ಹೇಳಿಬಿಡುವ ರೂಢಿ ಈಚಿನ ಬರಹಗಳಲ್ಲಿದೆ. ಅದು ಅವಸರದ ಮಾತು. ಉದಾವರ್ತಿನಿಯಲ್ಲಿ ಪ್ರಧಾನವಾದುದು ಶೂಲೆ. ವಾರಕಾಲದ ಮನೋವಿಕಾರದ ಮಾತು ಅಲ್ಲಿಲ್ಲ.

ವ್ಯಾಯಾಮದ ವಿಷಯದಲ್ಲಿಯೂ ಕಾಲನಿರ್ದೇಶವೇ ಮುಖ್ಯ. ಸುಶ್ರುತನು ರಜಸ್ವಲೆಗೆ ಮೂರು ದಿನ ಓಟವನ್ನೂ ಆಯಾಸವನ್ನೂ ನಿಷೇಧಿಸುತ್ತಾನೆ. ಇತರ ದಿನಗಳಿಗೆ ಅರ್ಧಬಲದ ವ್ಯಾಯಾಮವೆಂಬ ಸಾಮಾನ್ಯ ವಿಧಿಯಿದೆ. ಆದ್ದರಿಂದ ಆ ಮೂರು ದಿನಗಳ ನಿಷೇಧವನ್ನು ಮುಂಚಿನ ವಾರಕ್ಕೂ ಹಿಗ್ಗಿಸಲು ಶಾಸ್ತ್ರಾಧಾರವಿಲ್ಲ. ಕ್ರಮವಾದ ನಡಿಗೆ, ಯೋಗಾಸನಗಳು ರಜಃಪೂರ್ವ ಲಕ್ಷಣಗಳನ್ನು ಕೆಲಮಟ್ಟಿಗೆ ತಗ್ಗಿಸುತ್ತವೆಂದು ಈಗಿನ ವೈದ್ಯರೂ ಹೇಳುತ್ತಾರೆ. ನಿಪ್ಪಾಣಿಯಲ್ಲಿ ದಿನವಿಡೀ ಕುಳಿತು ಬೀಡಿ ಕಟ್ಟುವ ಹೆಂಗಸಿನ ದಣಿವನ್ನು ಮಾತ್ರ ವ್ಯಾಯಾಮವೆಂದು ಎಣಿಸಲಾಗದು.

ಔಷಧದ ಮಾತಿನಲ್ಲಿ ಜೈನ ಪರಂಪರೆಗೆ ತನ್ನದೇ ವಿವೇಚನೆಯಿದೆ. ಉಗ್ರಾದಿತ್ಯನ ‘ಕಲ್ಯಾಣಕಾರಕ’ವು ಮದ್ಯ, ಮಾಂಸ, ಮಧುಗಳನ್ನು ಬಿಟ್ಟ ಚಿಕಿತ್ಸೆಯನ್ನು ಹೇಳುತ್ತದೆ. ನೃಪತುಂಗನ ಸಭೆಯಲ್ಲಿ ಮಾಂಸನಿಷೇಧವನ್ನು ಸಮರ್ಥಿಸಿದ ಅದರ ಅಂತ್ಯಭಾಗ ವಿದ್ವಾಂಸರಿಗೆ ವಿದಿತವೇ ಆಗಿದೆ. 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಇದನ್ನು ಸೋಲಾಪುರದಿಂದ ಪ್ರಕಟಿಸಿದರು. ಪೂಜ್ಯಪಾದರ ವೈದ್ಯಗ್ರಂಥವನ್ನು 12ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದವನು ಜಗದ್ದಳ ಸೋಮನಾಥ. ಜೇನಿನ ಅನುಪಾನಕ್ಕೆ ಬದಲಾಗಿ ಬೆಲ್ಲ, ಹಸಿಶುಂಠಿಗೆ ಬದಲಾಗಿ ಒಣಶುಂಠಿ, ಬೆಳ್ಳುಳ್ಳಿಯ ವರ್ಜನೆ, ಕಷಾಯಸೇವನೆ ಸೂರ್ಯಾಸ್ತಕ್ಕೆ ಮುನ್ನ: ವ್ರತಸ್ಥ ಶ್ರಾವಿಕೆಗೆ ಮದ್ದು ಕೊಡುವವನು ಇವೆಲ್ಲವನ್ನೂ ಗಮನಿಸಬೇಕಾಗುತ್ತದೆ. ಶತಾವರಿಯೂ ಅಗೆದು ತೆಗೆಯುವ ಬೇರೇ ಆದುದರಿಂದ ಅಲ್ಲಿಯೂ ಈ ವಿಚಾರ ಏಳುತ್ತದೆ.

ಸಸ್ಯನಿರ್ಣಯವು ಇನ್ನೂ ಕಠಿನ. ಅಷ್ಟಪ್ರಾತಿಹಾರ್ಯಗಳಲ್ಲಿ ಒಂದಾದ ಅಶೋಕವೃಕ್ಷವು ಜೈನರಿಗೆ ಪೂಜ್ಯ. ಆದರೆ ಊರೂರಿನ ಅಂಗಳಗಳಲ್ಲಿ ನೆಟ್ಟಗೆ ಬೆಳೆದ, ಜನರು ಅಶೋಕವೆನ್ನುವ ಮರ ಔಷಧದ ಅಶೋಕವಲ್ಲ. ನಿಜವಾದ ಅಶೋಕ ಪಶ್ಚಿಮಘಟ್ಟದ ತೇವದ ಕಾಡಿನದು. ತೊಗಟೆಗಾಗಿ ಸುಲಿದು ಸುಲಿದು ಈಗ ವಿರಳವಾಗಿದೆ. ಅದರ ಪ್ರಸಿದ್ಧ ಪ್ರಯೋಗವೂ ಅತಿಸ್ರಾವಕ್ಕೇ ಹೊರತು ರಜಃಪೂರ್ವ ವ್ಯಾಕುಲಕ್ಕಲ್ಲ. ಲಕ್ಕಿಗಿಡದ ಕಥೆಯೂ ಹಾಗೆಯೇ. 2001ರಲ್ಲಿ ಪ್ರಕಟವಾದ ಒಂದು ಜರ್ಮನ್ ಪರೀಕ್ಷೆಯಲ್ಲಿ ರಜಃಪೂರ್ವ ಪೀಡೆಗೆ ಗುಣಕೊಟ್ಟುದು ಲಕ್ಕಿಯ ಜಾತಿಗೇ ಸೇರಿದ ಯೂರೋಪಿನ ಸಸ್ಯದ ಕಾಯಿ. ಮರಾಠಿಯಲ್ಲಿ ನಿಗಡಿ ಎನ್ನಿಸಿಕೊಳ್ಳುವ ಇಲ್ಲಿಯ ಲಕ್ಕಿಯ ಎಲೆಗೆ ಆ ಗುಣವನ್ನು ಆರೋಪಿಸುವುದು ನ್ಯಾಯವಲ್ಲ. ಗಡಿಸೀಮೆಯ ಈ ಭಾಗದಲ್ಲಿ ಒಂದೇ ಗಿಡಕ್ಕೆ ಎರಡು ಭಾಷೆಯ ಹೆಸರುಗಳಿರುವುದು ತೊಡಕನ್ನು ಇಮ್ಮಡಿಸುತ್ತದೆ. ಎಳ್ಳು ಬೆಲ್ಲದ ಉಂಡೆಯ ಬಗೆಗೆ ಇಷ್ಟು ಹೇಳಬಹುದು: ಎಳ್ಳಿನಲ್ಲಿ ಸುಣ್ಣದ ಅಂಶ ಹೇರಳ, ದಿನಕ್ಕೆ 1200 ಮಿಲಿಗ್ರಾಂ ಸುಣ್ಣಾಂಶ ಕೊಟ್ಟ 1998ರ ಅಮೆರಿಕದ ಪರೀಕ್ಷೆಯಲ್ಲಿ ಲಕ್ಷಣಗಳು ಇಳಿದುವು. ಆದರೆ ಒಂದೆರಡು ಉಂಡೆಯಿಂದ ಅಷ್ಟು ಪ್ರಮಾಣ ದೊರೆಯದು.

ಹಸ್ತಪ್ರತಿ ಸಂಪಾದಕರು ಹೆಚ್ಚಿನ ಎಚ್ಚರ ವಹಿಸಬೇಕಾದುದು ಬೇರೊಂದು ಕಡೆ. ‘ಮುಟ್ಟಿಗೆ ಮುನ್ನ’, ‘ಮುಟ್ಟಿನಲ್ಲಿ’, ‘ಮುಟ್ಟು ನಿಂತಲ್ಲಿ’ ಎಂಬ ಮೂರು ಬಗೆಯ ಕಾಲಸೂಚನೆಗಳು ಮೂರು ಬೇರೆಯ ಯೋಗಗಳನ್ನು ಸೂಚಿಸುತ್ತವೆ. ಮೂರನೆಯ ಬಗೆಯ ಮದ್ದು ಗರ್ಭಿಣಿಯ ಕೈಸೇರಿದರೆ ಭ್ರೂಣಹಿಂಸೆಗೆ ಕಾರಣವಾಗಬಲ್ಲದು. ಪತ್ರವು ಒಡೆದು ಈ ಮಾತೇ ಕಳೆದುಹೋಗಿದ್ದರೆ ಯೋಗವನ್ನು ಊಹೆಯಿಂದ ‘ಮುಟ್ಟಿನ ನೋವಿಗೆ’ ಎಂಬ ಶೀರ್ಷಿಕೆಯಡಿ ಸೇರಿಸಬಾರದು. ಆ ಸ್ಥಳವನ್ನು ತೆರಪಾಗಿಯೇ ಬಿಟ್ಟು, ಪತ್ರಸಂಖ್ಯೆಯೊಡನೆ ಸೂಚಿಯಲ್ಲಿ ತ್ರುಟಿತವೆಂದು ನಮೂದಿಸುವುದು ಯುಕ್ತ.