ಬ್ರಹ್ಮಗಿರಿ ಉತ್ಖನನ

ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಬಳಿಯಿರುವ ಬಂಡೆಗುಡ್ಡ ಬ್ರಹ್ಮಗಿರಿ. ಬಿ.ಜಿ. ಕೆರೆಯಿಂದ ಇತ್ತ ಹಬ್ಬಿರುವುದು ಮಳೆ ಅಪರೂಪದ, ಕುರಿ ಮೇಯುವ ಸೀಮೆ. ಗುಡ್ಡದ ತಪ್ಪಲಲ್ಲಿ ಸಾವಿರಾರು ವರ್ಷ ಜನ ನೆಲೆಸಿದ್ದರು.

1892ರಲ್ಲಿ ಬಿ.ಎಲ್. ರೈಸ್ ಇಲ್ಲಿಯೂ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಊರವರಿಗೆ ಬ್ರಹ್ಮಗಿರಿಯ ಬಂಡೆ ಮೊದಲೇ ‘ಅಕ್ಷರಗುಂಡು’. ಓದಲು ಬಾರದಿದ್ದರೂ ಅದು ಬರಹವೆಂದು ಗೊತ್ತಿತ್ತು. ಸುವರ್ಣಗಿರಿಯಿಂದ ಇಸಿಲ ಪಟ್ಟಣದ ಮಹಾಮಾತ್ರರಿಗೆ, ಅಂದರೆ ಮೌರ್ಯ ಅಧಿಕಾರಿಗಳಿಗೆ, ಬಂದ ಆಜ್ಞೆ ಅದು. ಲಿಪಿಕಾರ ಚಪಡ ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಕೆತ್ತಿದ್ದಾನೆ.

ಇಸಿಲವನ್ನು ಹುಡುಕಿ 1940ರ ದಶಕದ ಆರಂಭದಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಇಲ್ಲಿ ಅಗೆಸಿದರು. 1947ರಲ್ಲಿ ಬಂದ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವರ ಗಮನವಿದ್ದದ್ದು ಕಾಲಗಣನೆಯ ಮೇಲೆ. ಅದರ ಕೀಲಿ ಸಿಕ್ಕಿದ್ದು ದೂರದ ಕಡಲತೀರದಲ್ಲಿ. 1945ರಲ್ಲಿ ಪುದುಚೇರಿಯ ಅರಿಕಮೇಡುವಿನಲ್ಲಿ ರೋಮನ್ ಮಡಕೆಗಳ ಜೊತೆ ದೊರೆತಿದ್ದ, ಒಳತಳದಲ್ಲಿ ಉರುಳುಗೆರೆಗಳ ಅಲಂಕಾರವಿರುವ ಮಣ್ಣಿನ ತಟ್ಟೆಗಳ ಚೂರುಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಕಂಡವು. ಆ ಪದರವನ್ನು ಕ್ರಿ.ಶ. 1ನೇ ಶತಮಾನಕ್ಕೆ ಕಟ್ಟಿ ವೀಲರ್ ಕೆಳಮುಖವಾಗಿ ಎಣಿಸಿದರು.

ತಳದಲ್ಲಿದ್ದದ್ದು ನಯಗೊಳಿಸಿದ ಕಲ್ಗೊಡಲಿ, ಕೈಯಿಂದ ಮಾಡಿದ ಬೂದುಬಣ್ಣದ ಮಡಕೆ, ಮಣ್ಣಿನ ಗಡಿಗೆಗಳಲ್ಲಿ ಹೂತ ಎಳೆಗೂಸುಗಳು. ಅದರ ಮೇಲೆ ಕಬ್ಬಿಣ, ಕಪ್ಪು-ಕೆಂಪು ಮಡಕೆ. ಊರಾಚೆಗೆ, ಕಲ್ಲುಚಪ್ಪಡಿ ನಿಲ್ಲಿಸಿ ಒಂದು ಚಪ್ಪಡಿಗೆ ದುಂಡುಕಿಂಡಿ ಕೊರೆದ ಬೃಹತ್ ಶಿಲಾ ಸಮಾಧಿಗಳು. ಇಂಥವನ್ನು ಕರ್ನಾಟಕದ ಹಲವೆಡೆ ಜನ ‘ಮೋರ್ಯರ ಮನೆ’ ಎನ್ನುತ್ತಾರೆ.

ವೀಲರ್ ಕಬ್ಬಿಣದ ಪದರಕ್ಕೆ ಕೊಟ್ಟ ಆರಂಭಕಾಲ ಸುಮಾರು ಕ್ರಿ.ಪೂ. 200. ಲೆಕ್ಕ ಎಡವಿದ್ದು ಇಲ್ಲೇ. ಅಶೋಕನ ಆಜ್ಞೆ ಕ್ರಿ.ಪೂ. 3ನೇ ಶತಮಾನದ್ದು, ವೀಲರ್ ಎಣಿಕೆ ನಿಜವಾದರೆ ಮೌರ್ಯ ಅಧಿಕಾರಿಗಳು ಆಳುತ್ತಿದ್ದದ್ದು ಕಲ್ಗೊಡಲಿಯ ಜನರನ್ನು! ಪದರಗಳ ಅನುಕ್ರಮ ಇಂದಿಗೂ ಸರಿ, ಜಾರಿದ್ದು ಇಸವಿಗಳು ಮಾತ್ರ. ಪ್ರಾಚೀನ ವಸ್ತುವಿನ ಇಂಗಾಲದಿಂದ ವಯಸ್ಸು ಅಳೆಯುವ ವಿಧಾನ ಬಳಕೆಗೆ ಬಂದದ್ದೇ ಎರಡು ವರ್ಷದ ಬಳಿಕ, 1949ರಲ್ಲಿ. 1965ರಲ್ಲಿ ಹಾವೇರಿ ಸೀಮೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಅಗೆದಾಗ ಕಬ್ಬಿಣದ ಕಾಲ ಕ್ರಿ.ಪೂ. 1000ದ ಆಸುಪಾಸಿಗೆ ಹೋಯಿತು. ದಕ್ಷಿಣದ ನವಶಿಲಾಯುಗ ಕ್ರಿ.ಪೂ. 3ನೇ ಸಹಸ್ರಮಾನಕ್ಕೆ ಇಳಿಯಿತು. ಹಾಗಾಗಿ ಚಪಡ ಉಳಿ ಹಿಡಿದು ಅಕ್ಷರಗುಂಡಿನ ಮುಂದೆ ಕೂತ ಹೊತ್ತಿಗೆ ಈ ತಪ್ಪಲಿನವರು ಕಬ್ಬಿಣ ಬಳಸತೊಡಗಿ ಎಷ್ಟೋ ತಲೆಮಾರು ಕಳೆದಿದ್ದವು.