ಗೊದಮೊಟ್ಟೆಯ ಬಾಲ ಎಲ್ಲಿಗೆ ಹೋಯಿತು?

ಒಮಾನಿನ ಸುವೈಕ್‌ ಕರಾವಳಿಯ ಬೆನ್ನಿಗಿರುವ ಹಜರ್ ಬೆಟ್ಟಸಾಲಿನ ವಾದಿಗಳೆಂಬ ಹೊಳೆಕಣಿವೆಗಳಲ್ಲಿ, ಫಲಜ್ ಎಂಬ ನೀರಾವರಿ ಕಾಲುವೆಗಳಲ್ಲಿ ಅರೇಬಿಯನ್ ನೆಲಗಪ್ಪೆ ಮೊಟ್ಟೆಯಿಡುತ್ತದೆ. ಒಮಾನಿಗೆ ಸಹಜವಾದ ಉಭಯಚರಗಳು ಎರಡೇ. ಇನ್ನೊಂದು ಧೋಫಾರ್ ನೆಲಗಪ್ಪೆ. ನೀರಿನಂಚಿನಲ್ಲಿ ಕೂತು ನೋಡಿ: ನಾಲ್ಕೂ ಕಾಲು ಮೂಡಿದ ಮರಿಗೆ ಇನ್ನೂ ಮೋಟು ಬಾಲ ಇರುತ್ತದೆ.

ಅದು ಕಳಚಿ ಬೀಳುವುದಿಲ್ಲ, ಮೈಯೊಳಗೇ ಕರಗುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಏರಿದಂತೆ ಬಾಲದ ಜೀವಕೋಶಗಳು ತಾವಾಗಿಯೇ ಸಾಯತೊಡಗುತ್ತವೆ. ಕಿಣ್ವಗಳು ಕೊಲಾಜನ್ ನಾರುಗಳನ್ನು ತುಂಡರಿಸುತ್ತವೆ, ಭಕ್ಷಕ ಕೋಶಗಳು ಉಳಿದ ಚೂರುಗಳನ್ನು ನುಂಗುತ್ತವೆ. ಸೋಜಿಗವೆಂದರೆ, ಕಾಲುಗಳನ್ನು ಬೆಳೆಸುವುದೂ ಇದೇ ಹಾರ್ಮೋನು! ಪಾಚಿ ಕೆರೆಯುತ್ತಿದ್ದ ಬಾಯಿ ಹುಳು ಹಿಡಿಯುವ ಬಾಯಾಗಬೇಕು, ಉದ್ದನೆಯ ಕರುಳು ಗಿಡ್ಡವಾಗಬೇಕು. ಈ ಮಾರ್ಪಾಡು ನಡೆಯುವ ಕೆಲವು ದಿನ ಮರಿ ಏನನ್ನೂ ತಿನ್ನುವುದಿಲ್ಲ. ಕರಗುವ ಬಾಲವೇ ಅದರ ಬುತ್ತಿ.

1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ತಿನ್ನಿಸಿದರು. ಅವು ಅವಧಿಗೆ ಮೊದಲೇ ಪುಟಾಣಿ ಕಪ್ಪೆಗಳಾದವು. ಕೊಲಾಜನ್ ಕತ್ತರಿಸುವ ಕಿಣ್ವವನ್ನು 1962ರಲ್ಲಿ ಗ್ರಾಸ್ ಮತ್ತು ಲಾಪಿಯೇರ್ ಪತ್ತೆಮಾಡಿದ್ದೂ ಗೊದಮೊಟ್ಟೆಯ ಬಾಲದಲ್ಲಿಯೇ. ಸಂಧಿವಾತದಲ್ಲಿ ಮನುಷ್ಯರ ಕೀಲುಗಳ ಮೃದ್ವಸ್ಥಿಯನ್ನು ಸವೆಸುವುದು ಇದೇ ಬಳಗದ ಕಿಣ್ವಗಳು.